ನಕ್ಷೆಯಲ್ಲಿ ಉಳಿದ ಗುಡ್ಡ

ಹೋದ ವಾರ ಕಾರಿನ ಇನ್ಶೂರೆನ್ಸ್ ಕಾಗದ ಹುಡುಕಲು ಡ್ಯಾಶ್‌ಬೋರ್ಡಿನ ಪೆಟ್ಟಿಗೆ ತೆಗೆದೆ. ಹಳೆಯ ಮೈದಾ ಗೋಂದಿನ ವಾಸನೆ ಬಂತು. ತಳದಲ್ಲಿ ಬಟ್ಟೆ ಅಂಟಿಸಿದ ನಕ್ಷೆ. ಮಡಿಕೆ ಸವೆದು ಗೌರಿಬಿದನೂರಿನ ಜಾಗದಲ್ಲಿ ತೂತು ಬಿದ್ದಿದೆ. ಪೂರ್ತಿ ಬಿಡಿಸಿ ನೋಡಲಿಲ್ಲ. ಆ ವಾಸನೆಗೇ ಚಿಂತಾಮಣಿಯ ನಕ್ಷೆ ಅಂಗಡಿಯಣ್ಣ ಪಕ್ಕದ ಸೀಟಿನಲ್ಲಿ ಬಂದು ಕೂತ ಹಾಗಾಯಿತು...

ನಾನು ಹುಣಸೆ ವ್ಯಾಪಾರದವನು. ಮರದ ಮೇಲಿನ ಫಸಲು ನೋಡಿ, ಅಂದಾಜು ಕಟ್ಟಿ, ಇಡೀ ಮರಕ್ಕೆ ದರ ಮಾತಾಡುವುದು ನಮ್ಮ ಕಸುಬು. ಹಳೆಯ ಮೊಪೆಡ್ಡಿನಲ್ಲಿ ಒಬ್ಬನೇ ಶುರು ಮಾಡಿದವನು. ಈ ಕಸುಬಿಗೆ ಬರುವವರಿಗೆ ಒಂದು ಮಾತು ಹೇಳುತ್ತೇನೆ: ಮರ ಕೊಳ್ಳುವ ಊರಿನಲ್ಲಿ ದಾರಿ ಕೇಳಬೇಡಿ. ದಾರಿ ಕೇಳಿದವನು ಹೊಸಬ ಎಂದು ಊರಿಗೆಲ್ಲ ತಿಳಿಯುತ್ತದೆ. ನೀವು ಮರದ ಬುಡ ಸೇರುವಷ್ಟರಲ್ಲಿ ದರ ಏರಿರುತ್ತದೆ. ಅದಕ್ಕೇ ನನಗೆ ನಕ್ಷೆ ಬೇಕಾಗಿತ್ತು.

ಆಗಿನ್ನೂ ನಮ್ಮದೆಲ್ಲ ಕೋಲಾರ ಜಿಲ್ಲೆ. ಆ ಅಂಗಡಿಯಣ್ಣನದು ಶಾಲೆ ಪುಸ್ತಕದ ಅಂಗಡಿ. ನಕ್ಷೆಗಳಿಗೆ ಅವರೇ ಕೂತು ಮೈದಾ ಕಾಯಿಸಿ ಹಿಂದೆ ಬಟ್ಟೆ ಅಂಟಿಸುತ್ತಿದ್ದರು. ನಾನು ಅಭ್ಯಾಸದಂತೆ ಚೌಕಾಸಿಗೆ ಇಳಿದೆ. ಅವರು ನಕ್ಷೆಯನ್ನು ಗಲ್ಲಾಪೆಟ್ಟಿಗೆಯ ಮೇಲೆ ಹರಡಿ, "ಯಾವ ಊರು ಕಮ್ಮಿ ಮಾಡ್ಲಿ ಹೇಳಪ್ಪ, ಅಷ್ಟು ಕತ್ತರಿಸಿ ಕೊಡ್ತೀನಿ" ಅಂದರು. ನನ್ನ ಕಸುಬಿನಲ್ಲಿ ಹಾಗೆ ಬಾಯಿ ಮುಚ್ಚಿಸಿದವರು ಕಡಿಮೆ.

ಕೇಳಿದಷ್ಟು ಕೊಟ್ಟೆ. ಹೊರಡುವಾಗ ಅವರೇ ಕರೆದು, ಹೋದ ಕಡೆ ರಸ್ತೆ ಬದಲಾಗಿದ್ದರೆ ಬಂದು ಹೇಳಬೇಕೆಂದರು. ಅದು ಅವರ ಪದ್ಧತಿ. ಊರು ತಿರುಗುವ ಗಿರಾಕಿಗಳಿಂದ ಸುದ್ದಿ ಕೇಳಿ, ಮಾರುವ ಮುಂಚೆ ಪ್ರತಿ ನಕ್ಷೆಯ ಮೇಲೂ ಪೆನ್ಸಿಲ್ಲಿನಲ್ಲಿ ತಿದ್ದುತ್ತಿದ್ದರು. ಜಂಗಮಕೋಟೆ ಕಡೆಯಿಂದ ಬಂದರೆ ನೀರು ಕೊಡುವ ಮೊದಲು, "ಆ ಕಟ್ಟೆ ಮೇಲೆ ಟಾರು ಬಿತ್ತಾ?" ಎಂದು ಕೇಳುತ್ತಿದ್ದರು. ನಾನು ಹೇಳುವುದು, ಅವರು ಕಿವಿಯ ಮೇಲಿನ ಪೆನ್ಸಿಲ್ ತೆಗೆಯುವುದು... ಎಷ್ಟೋ ವರ್ಷ ಹೀಗೇ ನಡೆಯಿತು.

ಆಮೇಲೆ ಫೋನುಗಳು ಬಂದವು. ಅವರ ಮಗ ಅಂಗಡಿಯ ಅರ್ಧ ಭಾಗದಲ್ಲಿ ಮೊಬೈಲ್ ಕವರು, ಕಾರಿನಲ್ಲಿ ಫೋನು ನಿಲ್ಲಿಸುವ ಸ್ಟ್ಯಾಂಡು ಮಾರಲು ಕೂತ. ಆ ಅರ್ಧವೇ ನಡೆಯಿತು. ನಕ್ಷೆಗಳ ಮೇಲೆ ದೂಳು ಕೂತಿತು. ನಾನೂ ಜಿಪಿಎಸ್ ಇರುವ ಕಾರು ಕೊಂಡೆ. ವ್ಯಾಪಾರಕ್ಕೆ ಅನುಕೂಲವಾದದ್ದನ್ನು ಅನುಕೂಲ ಎನ್ನಲೇಬೇಕು.

ಅಣ್ಣನ ಮಗನಿಗೆ ಮದುವೆ ಗೊತ್ತಾಯಿತು. ಅವರ ಮನೆತನದಲ್ಲಿ ಮೊದಲ ಲಗ್ನಪತ್ರಿಕೆ ಮನೆದೇವರಿಗೆ. ಮಂಡಿಕಲ್ ಆಚೆ, ಒಂದು ಗುಡ್ಡದ ಬುಡದಲ್ಲಿದ್ದ ಮುನೇಶ್ವರ. ಗುಡಿ ಇಲ್ಲ, ರೂಪವಿಲ್ಲ, ಬಂಡೆಗೆ ಒರಗಿಸಿದ ಒಂದು ಕಲ್ಲು. ತಮ್ಮದೇ ಮದುವೆಯ ಪತ್ರಿಕೆ ಇಡಲು ಅಣ್ಣ ತಂದೆಯ ಜೊತೆ ಹೋದದ್ದೇ ಕೊನೆ. ಆ ದೇವರನ್ನು ಕರೆಯದೆ ಚಪ್ಪರ ಹಾಕಿದರೆ ಹಿರಿಯರನ್ನು ಹೊರಗೆ ನಿಲ್ಲಿಸಿದ ಹಾಗೆ ಎಂದು ಅವರ ನಂಬಿಕೆ. ಜೊತೆಗೆ ಬಾ ಅಂದರು. ಮಗ ನನ್ನ ಫೋನಿಗೆ ಲೊಕೇಶನ್ ಕಳಿಸಿದ. ಅವರ ದಾಯಾದಿಗಳೆಲ್ಲ ಹೋಗುವ ಜಾಗವಂತೆ.

ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ದಾಟಿದೆವು. ಜಿಪಿಎಸ್ಸಿನ ಹೆಂಗಸು ಎಡ ಬಲ ಹೇಳುತ್ತಲೇ ಇದ್ದಳು.

"ಯಾವೂರೋಳಪ್ಪ ಈ ಯಮ್ಮ? ನಮ್ ಕಡೆಯೋಳಲ್ಲ ಬಿಡು. ನಮ್ಮೋಳಾಗಿದ್ರೆ ಇಷ್ಟೊತ್ಗೆ, ಊಟ ಆಯ್ತಾ ಅಂತ ಕೇಳಿರೋಳು" ಅಂದರು.

ಪೆರೇಸಂದ್ರ ಸಿಗುತ್ತಿದ್ದಂತೆ ಹೆದ್ದಾರಿಯ ಪಕ್ಕದಲ್ಲೇ ಅವಳು ನಿಲ್ಲಿಸಿದಳು. ಟೈಲ್ಸ್ ಹಾಕಿದ ಹೊಸ ಗುಡಿ, ಸ್ಟೀಲ್ ಕಂಬಿ, ಕಾರು ನಿಲ್ಲಿಸಲು ಜಾಗ. ಒಳಗೆ ಮೀಸೆ ತೀಡಿದ, ಕಣ್ಣಿಗೆ ಬಣ್ಣ ಬಳಿದ ಮುನೇಶ್ವರ. ಅಣ್ಣ ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತರು.

"ಇವನು ನಮ್ಮೋನಲ್ಲ."

"ಎಲ್ಲಾರೂ ಇಲ್ಲೇ ಇಡೋದು ಸ್ವಾಮಿ. ಹಳೇ ಜಾಗಕ್ಕೆ ಈಗ್ಯಾರು ಹೋಗ್ತಾರೆ?" ಅಂದರು ಪೂಜಾರಿ.

ನಾನೂ ಅದನ್ನೇ ಹೇಳಿದೆ. ಪತ್ರಿಕೆ ಹಂಚುವುದು ರಾಶಿ ಇದೆ, ದೇವರೆಲ್ಲ ಒಂದೇ, ಇಲ್ಲೇ ಇಟ್ಟು ಹೊರಡೋಣ. ಅಣ್ಣ ಕಾರಿನಲ್ಲಿ ಕೂತು, ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಿಂದ ಈ ನಕ್ಷೆ ತೆಗೆದು ತೊಡೆಯ ಮೇಲೆ ಹರಡಿದರು.

ಅಲ್ಲಿಂದ ಅವರ ಬೆರಳು ಹೇಳಿದ ಕಡೆ ಓಡಿಸಿದೆ. ಜಿಪಿಎಸ್ಸಿನವಳು ಮಾತ್ರ ಹಿಂದಕ್ಕೆ ತಿರುಗಿ, ಹಿಂದಕ್ಕೆ ತಿರುಗಿ ಎನ್ನುತ್ತಲೇ ಇದ್ದಳು. "ಚಾಲಮ್ಮ, ಚಾಲು" ಸಾಕಮ್ಮ, ಸಾಕು ಎಂದು ಅಣ್ಣ ತೆಲುಗಿನಲ್ಲೇ ಸಮಾಧಾನ ಮಾಡಿದರು. ಮಂಡಿಕಲ್ ಬಂತು. ಕೆರೆ ಬಲಕ್ಕೆ ಸಿಕ್ಕಿತು. ಏರಿ ಮುಗಿದ ಕಡೆ ತಿರುವು ಸಿಕ್ಕಿತು. ನಕ್ಷೆ ಒಂದು ಕಡೆಯೂ ತಪ್ಪಲಿಲ್ಲ. ಅವರ ಮುಖ ಅರಳುತ್ತಾ ಬಂತು. "ಈ ತಿರುವು ದಾಟಿದ್ರೆ ಗುಡ್ಡ ಕಾಣ್ಬೇಕು ನೋಡು."

ತಿರುವು ದಾಟಿದೆವು. ಆಕಾಶ ಕಂಡಿತು.

ತಂತಿ ಬೇಲಿ, ಅದರಾಚೆ ಕಲ್ಲು ತೆಗೆದ ಗುಂಡಿ, ಆಳದಲ್ಲಿ ಹಸಿರುಗಟ್ಟಿದ ನೀರು. ಬೇಲಿಯ ಈಚೆ ಮಾರದೆ ಬಿಟ್ಟುಹೋದ ಜಲ್ಲಿಯ ರಾಶಿ. ಕೆಲಸವೂ ಮುಗಿದುಹೋಗಿತ್ತು, ಕೇಳಲು ಒಂದು ನರಪಿಳ್ಳೆಯೂ ಇರಲಿಲ್ಲ. ಅಣ್ಣ ಬೇಲಿ ಹಿಡಿದು ನಿಂತರು. ಊರು ಕತ್ತರಿಸಿ ಕೊಡುತ್ತೇನೆ ಎಂದಿದ್ದ ಅವರ ಹಳೆಯ ಮಾತು ನನ್ನ ನಾಲಿಗೆಯ ತುದಿಗೆ ಬಂದು ನಿಂತಿತು. ನುಂಗಿಕೊಂಡೆ.

ಕಡೆಗೆ ಅರಿಶಿನ ಹಚ್ಚಿದ ಪತ್ರಿಕೆಯನ್ನು ಆ ರಾಶಿಯ ಮೇಲಿಟ್ಟು, ಹಾರದಿರಲೆಂದು ಒಂದು ಹಿಡಿ ಜಲ್ಲಿ ಹೇರಿದರು. "ಇದರಲ್ಲೇ ಎಲ್ಲೋ ಇರ್ತಾನೆ. ಇಲ್ಲ, ಯಾವ ರಸ್ತೆಗೆ ಹೋದ್ನೋ..." ಅಂದರು. ಕೈ ಮುಗಿಯಲೋ ಬೇಡವೋ ಎಂಬಂತೆ ಒಂದು ಗಳಿಗೆ ನಿಂತು, ಮುಗಿಯದೆ ಬಂದುಬಿಟ್ಟರು.

ಕಾರಿನಲ್ಲಿ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಗುಡ್ಡದ ಗುರುತಿನ ಮೇಲೆ ಹಿಡಿದರು. ಹೊಡೆದುಹಾಕುತ್ತಾರೆ ಅಂದುಕೊಂಡೆ. ಕೈ ಹಾಗೇ ನಿಂತಿತ್ತು. ಆಮೇಲೆ ನಕ್ಷೆ ಮಡಿಸಿ ಪೆಟ್ಟಿಗೆಗೆ ಹಾಕಿ, "ಮದುವೆ ಮನೇಲಿ ಇದನ್ನ ಆಡೋದು ಬೇಡ ಕಣಪ್ಪ" ಅಂದರು. ಮನೆಯಲ್ಲಿ ಮಗ, "ಸಿಕ್ತಾ ಅಪ್ಪ?" ಅಂತ ಕೇಳಿದ.

"ಸಿಗ್ದೆ ಏನು? ನೀನು ಲೊಕೇಶನ್ ಸರಿಯಾಗೇ ಕಳ್ಸಿದ್ದೆ" ಅಂದರು ಅಣ್ಣ.

ಮದುವೆ ಚೆನ್ನಾಗಿಯೇ ಆಯಿತು. ಆಮೇಲೆ ನಾನು ಅಂಗಡಿಗೆ ಹೋದಾಗ ಅವರು ರಸ್ತೆಯ ಸುದ್ದಿ ಕೇಳಲಿಲ್ಲ. ನಾನಾಗಿ ಹೇಳಿದರೆ ತಲೆಯಾಡಿಸುತ್ತಿದ್ದರು, ಪೆನ್ಸಿಲ್ ಕಿವಿಯ ಮೇಲೇ ಇರುತ್ತಿತ್ತು. ಅವರು ತೀರಿಹೋದ ಮೇಲೆ ಉಳಿದ ನಕ್ಷೆಗಳು ಗುಜರಿಗೆ ಹೋದವು. ಈಗ ಇಡೀ ಅಂಗಡಿಯೂ ಮೊಬೈಲಿನದೇ.

ಹೋದ ವಾರ ಆ ಇನ್ಶೂರೆನ್ಸ್ ಕಾಗದ ಹುಡುಕಿಟ್ಟುಕೊಂಡು ನಾನು ಹೊರಟಿದ್ದು ಅವರ ಮೊಮ್ಮಗನ ಮುಡಿ ತೆಗೆಸುವ ಕಾರ್ಯಕ್ಕೆ. ಮಗ ಲೊಕೇಶನ್ ಕಳಿಸಿದ್ದ. ಅದೇ ಹೆದ್ದಾರಿ, ಅದೇ ಟೈಲ್ಸಿನ ಗುಡಿ. ಬೋಳು ತಲೆಗೆ ಗಂಧ ಬಳಿಸಿಕೊಂಡು ಮಗು ಅಳುತ್ತಿತ್ತು. ಅದನ್ನು ಎತ್ತಿಕೊಂಡೇ ಮಗ ನನ್ನ ಹತ್ತಿರ ಬಂದ.

"ಮಾಮ, ಅಪ್ಪ ನನ್ ಮದ್ವೆ ಪತ್ರಿಕೆ ಇಟ್ಟಿದ್ದು ಇಲ್ಲೇ ತಾನೆ? ಇವನಿಗೂ ಹೇಳ್ಬೇಕು ನೋಡಿ, ದೊಡ್ಡೋನಾದ್ಮೇಲೆ."

ಅಣ್ಣ ಪತ್ರಿಕೆ ಇಟ್ಟ ಜಾಗ ಕಂಡವರಲ್ಲಿ ಉಳಿದಿರುವವನು ನಾನೊಬ್ಬನೇ. ಇನ್ನು ಹೇಳಿ ತೋರಿಸುವುದಾದರೂ ಏನನ್ನು?

"ಹೂಂ ಕಣಪ್ಪ, ಇಲ್ಲೇ" ಅಂದೆ.

ಊಟ ಮುಗಿಸಿ ಕಾರನ್ನು ಹೆದ್ದಾರಿಗೆ ಏರಿಸಿದೆ. ಚಿಂತಾಮಣಿಗೆ ದಾರಿ ನನಗೆ ಗೊತ್ತಿದ್ದರೂ ಜಿಪಿಎಸ್ಸಿನವಳು ನೇರ ಹೋಗಿ ಎಂದಳು. ಒಂದು ಕುಲುಕೂ ಇಲ್ಲದ ರಸ್ತೆ. ಅಡಿಯಲ್ಲಿ ಯಾವ ಗುಡ್ಡದ ಜಲ್ಲಿಯೋ...