ಐದು ವರ್ಷದ ಪಥ್ಯ

ಐಹೊಳೆಯಲ್ಲಿ ಆ ಕಾಲಕ್ಕೆ ಹುಟ್ಟಿದ ಕೂಸುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಕಣ್ಣು ಬಿಟ್ಟು ಮೊದಲು ನೋಡಿದ್ದು ಸಾವಂತ್ರವ್ವನ ಮುಖವನ್ನು. ಅದೇನು ಹಿತವಾದ ಮುಖವಲ್ಲ. ಹುಬ್ಬು ಗಂಟಿಕ್ಕಿಕೊಂಡು, ದವಡೆಯಲ್ಲಿ ಎಲೆಯಡಿಕೆ ಒತ್ತಿಕೊಂಡು, ಹೆರುವವಳನ್ನು ಬೈಯುತ್ತ ಬೈಯುತ್ತಲೇ ಕೂಸನ್ನು ಬರಮಾಡಿಕೊಳ್ಳುವ ಸೂಲಗಿತ್ತಿ ಅವಳು. ಕುರಿ ಕಾಯುವ ಅಮಸಿದ್ದಪ್ಪನ ಹೆಂಡತಿ. ಗಂಡ ಕುರಿ ಈಯಿಸುವುದನ್ನು ನೋಡಿಯೇ ಈ ವಿದ್ಯೆ ಕಲಿತಿದ್ದಾಳೆ ಎಂದು ಯಾರಾದರೂ ಚೇಷ್ಟೆ ಮಾಡಿದರೆ, "ನಿಮ್ಮವ್ವನ ಬಾಣಂತನಾನೂ ನಾನ ಮಾಡೇನಿ, ಸುಮ್ನ ಹೋಗು" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಹೆರಿಗೆಗಿಂತಲೂ ಅವಳು ಹಾಕುವ ಪಥ್ಯಕ್ಕೆ ಹೆಂಗಸರು ಹೆದರುತ್ತಿದ್ದರು. ತಣ್ಣೀರು ಮುಟ್ಟಬಾರದು, ಗಾಳಿಗೆ ಕೂಡಬಾರದು, ಕಿವಿಗೆ ಕಟ್ಟಿದ ಬಟ್ಟೆ ಬಿಚ್ಚಬಾರದು. ಯಾಕೆ ಎಂದು ಬಾಣಂತಿ ಕೇಳಿದಳೋ, ಅವಳ ಕಥೆ ಮುಗಿಯಿತು. "ಹೇಳಿದಷ್ಟು ಕೇಳು. ಯಾಕ ಅನಬ್ಯಾಡ. ನಾ ಬಂದು ಬಿಡು ಅಂದ ದಿನ ಬಿಡು." ಆ ದಿನ ಬಂದಾಗ ತಾನೇ ಬಾಣಂತಿಯ ಮನೆಗೆ ಹೋಗಿ, "ಇವತ್ತಿಗೆ ನಿನ್ನ ಪಥ್ಯ ಮುಗೀತು ನೋಡವಾ" ಎಂದು ಹೇಳಿ ಬರುತ್ತಿದ್ದಳು. ಅವಳು ಬಂದು ಹೇಳುವತನಕ ಊರಿನಲ್ಲಿ ಒಬ್ಬಳಾದರೂ ಪಥ್ಯ ಮುರಿದದ್ದಿಲ್ಲ.

ಎಪ್ಪತ್ತೇಳನೆಯ ಇಸವಿಯಲ್ಲಿ ಅವಳಿಗೆ ನಲವತ್ತೇಳು ವರ್ಷ. ಮುಟ್ಟು ನಿಂತು ಎರಡು ವರ್ಷವಾದ ಮೇಲೆ ಮತ್ತೆ ರಕ್ತ ಕಾಣಿಸಿತು. ಊರ ಹೆಂಗಸರ ಒಳಗಿನ ಸಂಗತಿಯೆಲ್ಲ ಬಲ್ಲವಳು ತನ್ನದನ್ನು ಮಾತ್ರ ಆರು ತಿಂಗಳು ಮುಚ್ಚಿಟ್ಟುಕೊಂಡಳು. ಈ ಹೆಣ್ಣುಜೀವಗಳ ಬುದ್ಧಿಗೆ ಏನನ್ನಬೇಕೋ ತಿಳಿಯದು. ಕಡೆಗೆ ಬಾದಾಮಿಯ ಡಾಕ್ಟರರು ನೋಡಿ, ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಆಗಿದೆ, ಇನ್ನೊಂದು ವಾರವೂ ತಡ ಮಾಡಬೇಡಿ ಎಂದು ಚೀಟಿ ಬರೆದುಕೊಟ್ಟರು. ಅಮಸಿದ್ದಪ್ಪ ಕುರಿಗಳನ್ನು ತಮ್ಮನಿಗೆ ಒಪ್ಪಿಸಿ, ಹೆಂಡತಿಯನ್ನು ರೈಲು ಹತ್ತಿಸಿ, ದೂರದ ಒಂದು ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದ.

ಅಲ್ಲಿ ಐದು ವಾರ ಕರೆಂಟ್ ಕೊಟ್ಟರು. ಯಂತ್ರದ ಕೆಳಗೆ ಮಲಗಿಸಿ ಕಣ್ಣಿಗೆ ಕಾಣದ ಕಿರಣ ಬಿಡುವುದಕ್ಕೆ ರೋಗಿಗಳೆಲ್ಲ ಇಟ್ಟ ಹೆಸರು ಅದು. ಕೊನೆಗೆ ರೇಡಿಯಂ ಎನ್ನುವ ವಸ್ತುವನ್ನು ಗರ್ಭಕೋಶದ ಬಾಯಿಯ ಬಳಿಯೇ ಇಟ್ಟು, ಮೂರು ದಿನ ಬೇರೆ ಕೋಣೆಯಲ್ಲಿ ಒಬ್ಬಳನ್ನೇ ಮಲಗಿಸಿದರು. ಸಿಸ್ಟರ್ ಬಾಗಿಲಲ್ಲೇ ನಿಂತು ಹೇಳಿದಳು: "ಸಣ್ಣ ಮಕ್ಕಳು, ಬಸುರಿ ಹೆಂಗಸರು ನಿಮ್ಮ ಹತ್ತರ ಬರಬಾರದು. ಅವರಿಗೆ ಧಕ್ಕಿ ಆಗ್ತದ." ಸಾವಂತ್ರವ್ವ ಯಾಕೆ ಎನ್ನಲಿಲ್ಲ. ಎಂದಾದರೂ ಯಾರಿಗಾದರೂ ಹಾಗೆ ಕೇಳಗೊಟ್ಟಿದ್ದರೆ ತಾನೇ ಕೇಳಲು ಬಾಯಿ ಬರುವುದು! ಮೂರನೆಯ ದಿನ ರೇಡಿಯಂ ತೆಗೆದರು. ಮರುದಿನ ಆ ಸಿಸ್ಟರಿಗೆ ಬೇರೆ ವಾರ್ಡಾಯಿತು. ಅದರ ಮರುದಿನ ಇವಳನ್ನು ಮನೆಗೆ ಕಳಿಸಿದರು. ಪಥ್ಯ ಮುಗಿಯಿತು ಎಂದು ಮಾತ್ರ ಯಾರೂ ಬಂದು ಹೇಳಲಿಲ್ಲ. ಹೇಳಬೇಕಾದ ಮಾತು ಅದು ಎಂದು ಅಲ್ಲಿಯವರಿಗೆ ಹೊಳೆಯಲೂ ಇಲ್ಲ.

ಊರಿಗೆ ಬಂದ ಮೊದಲ ವರ್ಷ ಮಾತಾಡಿಸಲು ಬಂದವರ ರೀತಿಯಲ್ಲೇ ತಿಳಿಯುತ್ತಿತ್ತು, ಕಡೆಯ ಸಲ ನೋಡಿ ಹೋಗಲು ಬಂದಿದ್ದಾರೆಂದು. ಧ್ವನಿ ತಗ್ಗಿಸುವುದೇನು, ಚಹಾ ಒಲ್ಲೆ ಎನ್ನುವುದೇನು! ಹಾಗೆ ಬಂದವರಲ್ಲಿ ಇಬ್ಬರು ಅವಳಿಗಿಂತ ಮೊದಲೇ ತೀರಿಕೊಂಡರು. ಅವರ ಮಣ್ಣಿಗೆ ಸಾವಂತ್ರವ್ವ ತನ್ನ ಕಾಲ ಮೇಲೆ ನಡೆದುಕೊಂಡು ಹೋಗಿ ಬಂದಳು. ಹೊಟ್ಟೆ ಆಗಾಗ ಕೆಡುತ್ತಿತ್ತು, ಸೊಂಟ ಹಿಡಿಯುತ್ತಿತ್ತು. ಆದರೂ ರೊಟ್ಟಿ ಬಡಿಯುತ್ತಿದ್ದಳು, ಜೋಳದ ರಾಶಿಗೆ ಹೋಗುತ್ತಿದ್ದಳು.

ಆದರೆ ಹೆರಿಗೆಗೆ ಹೋಗಲಿಲ್ಲ. ಬಸುರಿಯೊಬ್ಬಳು ಎದುರು ಬಂದರೆ ತಾನೇ ಓಣಿಯ ಆ ಕಡೆಗೆ ಸರಿಯುತ್ತಿದ್ದಳು. ಸ್ವಲ್ಪ ದಿನದಲ್ಲಿ ಬಸುರಿಯರೇ ಸರಿಯತೊಡಗಿದರು. ಊರಿನ ಇನ್ನೊಬ್ಬ ಸೂಲಗಿತ್ತಿ ಅಮೀನಬಿಗೆ ಎಲ್ಲ ಮನೆಗಳೂ ಬಂದವು. ಕಷ್ಟದ ಹೆರಿಗೆಯಿದ್ದರೆ ಅಮೀನಬಿ ಹೇಳಿ ಕಳಿಸುತ್ತಿದ್ದಳು. ಸಾವಂತ್ರವ್ವ ಹೋಗಿ ಎದುರು ಮನೆಯ ಕಟ್ಟೆಯ ಮೇಲೆ ಕೂತು, "ಕಾಲು ಬಂತೇನ? ಎಳೀಬ್ಯಾಡ, ಹಂಗ ಹಿಡಿ" ಎಂದು ಅಲ್ಲಿಂದಲೇ ಕೂಗುತ್ತಿದ್ದಳು. ಒಳಗೆ ಕೂಸು ಅತ್ತ ಸದ್ದು ಕೇಳಿದ ಮೇಲೆ ಎದ್ದು ಮನೆಗೆ ಬರುತ್ತಿದ್ದಳು. ಆ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ.

ಅಮಸಿದ್ದಪ್ಪ ಮಾತ್ರ ಅವಳ ಬದಿಯಲ್ಲೇ ಕೂತು ಉಣ್ಣುತ್ತಿದ್ದ. ತಾನು ಸಣ್ಣ ಕೂಸೂ ಅಲ್ಲ, ಬಸುರಿಯೂ ಅಲ್ಲ ಎನ್ನುವುದು ಅವನ ವಾದ.

ಎಲ್ಲಕ್ಕಿಂತ ಕಷ್ಟವಾದದ್ದು ಮಗಳು ಪದ್ಮವ್ವನ ಚೊಚ್ಚಲು. ಕಮತಗಿಗೆ ಕೊಟ್ಟ ಮಗಳು ಎಪ್ಪತ್ತೆಂಟರಲ್ಲಿ ತವರಿಗೆ ಬಾಣಂತನಕ್ಕೆ ಬಂದಳು. ಊರಿಗೆಲ್ಲ ಬಾಣಂತನ ಮಾಡಿದವಳು ಆವತ್ತೇ ಗಂಟು ಕಟ್ಟಿಕೊಂಡು ಹೊಲದ ಕುರಿಹಟ್ಟಿಗೆ ಹೋಗಿ ಉಳಿದಳು, ಮೂರು ತಿಂಗಳು. ಹುಟ್ಟಿದ ಹೆಣ್ಣುಕೂಸಿಗೆ ಸತ್ಯವ್ವ ಎಂದು ಹೆಸರಿಟ್ಟದ್ದನ್ನು ಓಣಿಯ ಆಚೆಯಿಂದ ನೋಡಿದಳು. ಕೂಸು ಎದ್ದು ನಿಲ್ಲುವಂತಾದಾಗ, ಕುರಿ ಕಾಯುವ ಕೋಲಿನ ಒಂದು ತುದಿ ತಾನು ಹಿಡಿದು, ಇನ್ನೊಂದು ತುದಿ ಮೊಮ್ಮಗಳ ಕೈಗೆ ಕೊಟ್ಟು ನಡಿಗೆ ಕಲಿಸಿದಳು. ಎತ್ತಿಕೊಳ್ಳಲಿಲ್ಲ. ಕೂಸು ಬಿದ್ದು ಅತ್ತಾಗಲೂ ಎತ್ತಿಕೊಳ್ಳದೆ, "ಪದ್ಮೀ, ಓಡಿ ಬಾರ!" ಎಂದು ಕೂಗಿದಳು.

"ಯವ್ವಾ, ಡಾಕ್ಟರ್ನ ಒಮ್ಮಿ ಕೇಳಬಾರದ?" ಎಂದು ಪದ್ಮವ್ವ ಎಷ್ಟು ಸಲ ಹೇಳಿದಳೋ.

"ಕೇಳಿದ್ರ, ಸಾಯೋತನ ಹಿಂಗ ಇರು ಅಂದ್ರ ಏನ್ ಮಾಡ್ಲಿ? ಕೇಳಲಿಲ್ಲಂದ್ರ ಇವತ್ತಲ್ಲ ನಾಳಿ ಮುಗೀತೈತಿ ಅಂತ ಇರಬಹುದು."

ಮೊದಲು ಮೂರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ಸಾವಂತ್ರವ್ವ ಬಾದಾಮಿಯಲ್ಲಿ ರೈಲು ಹತ್ತಿ ತಪಾಸಣೆಗೆ ಹೋಗುತ್ತಿದ್ದಳು. ಪ್ರತಿಸಲವೂ ಹೊಸ ಡಾಕ್ಟರು. ಪ್ರತಿಸಲವೂ ಅದೇ ಮಾತು: "ಚಲೋ ಅದ. ಮತ್ತ ಬರ್ರಿ." ಚಲೋ ಇದೆ ಎಂದದ್ದು ಅವಳ ಕಿವಿಗೆ ಬೀಳುತ್ತಿರಲಿಲ್ಲ. ಮತ್ತೆ ಬಾ ಎಂದರಲ್ಲ, ಹಾಗಾದರೆ ಪಥ್ಯ ಇನ್ನೂ ಉಳಿದಿದೆ ಎಂದುಕೊಂಡು ತಿರುಗಿ ಬರುತ್ತಿದ್ದಳು.

ಐದು ವರ್ಷ ತುಂಬಿದ ಮೇಲೆ, ಎಂಬತ್ಮೂರರ ಚಳಿಯಲ್ಲಿ ಹೋಗಬೇಕಾದಾಗ ಕುರಿ ಈಯುವ ಕಾಲ. ಅಮಸಿದ್ದಪ್ಪ ಹಟ್ಟಿ ಬಿಟ್ಟು ಬರುವಂತಿರಲಿಲ್ಲ. ಪದ್ಮವ್ವ ಎರಡನೆಯದಕ್ಕೆ ಏಳು ತಿಂಗಳ ಬಸುರಿ. ಆದರೂ ತಾನೇ ಬರುತ್ತೇನೆ ಎಂದು ಹಟ ಹಿಡಿದಳು. ಸಾವಂತ್ರವ್ವ ಬೈದಳು, ಅತ್ತಳು, ಕಡೆಗೆ ಒಂದು ಕರಾರಿನ ಮೇಲೆ ಒಪ್ಪಿದಳು. ರೈಲಿನಲ್ಲಿ ಮಗಳು ಡಬ್ಬಿಯ ಆ ತುದಿಗೆ, ತಾಯಿ ಈ ತುದಿಗೆ. ರೊಟ್ಟಿಯ ಗಂಟು ಮಾತ್ರ ನಡುವಿನ ಪ್ರಯಾಣಿಕರ ಕೈಯಿಂದ ಕೈಗೆ ದಾಟಿ ಮಗಳ ಹತ್ತಿರ ಹೋಯಿತು.

ದವಾಖಾನೆಯಲ್ಲಿ ಈ ಸಲ ಇದ್ದವರು ನಡುವಯಸ್ಸಿನ ಡಾಕ್ಟರಮ್ಮ. ಪರೀಕ್ಷೆ ಮಾಡಿ, ಕೈ ತೊಳೆದುಕೊಂಡು, ಹಳೆಯ ಕಾಗದಗಳನ್ನೆಲ್ಲ ತಿರುವಿ ನೋಡಿ, "ಜೋಡಿ ಯಾರ ಬಂದಾರ? ಒಳಗ ಕರೀರಿ" ಎಂದರು.

"ಮಗಳು ಬಂದಾಳ್ರಿ. ಕರೀಬ್ಯಾಡ್ರಿ, ಅಕಿ ಬಸುರಿ ಅದಾಳ!" ಸಾವಂತ್ರವ್ವ ಬಾಗಿಲಿಗೆ ಅಡ್ಡ ಹೋಗಿ ನಿಂತುಬಿಟ್ಟಳು.

"ಬಸುರಿ ಇದ್ರ ಏನಾತವಾ?"

"ನನ್ನ ಹತ್ತರ ಬರಬಾರದಲ್ಲರಿ. ರೇಡಿಯಂ ಇಟ್ಟಾಗ ಸಿಸ್ಟರ್ ಹೇಳ್ಯಾಳ. ಸಣ್ಣ ಕೂಸು ಬರಬಾರದು, ಬಸುರಿ ಬರಬಾರದು. ಅವತ್ತಿಂದ ಒಂದ ದಿನಾನೂ ತಪ್ಪಿಸಿಲ್ಲರಿ ನಾ."

ಡಾಕ್ಟರಮ್ಮನಿಗೆ ಮೊದಲು ನಗು ಬಂತು. ಎದುರಿಗಿದ್ದವಳ ಮುಖ ನೋಡಿ ನಗು ಅಲ್ಲೇ ನಿಂತಿತು. "ಅವತ್ತಿಂದ ಅಂದ್ರ?"

"ಐದು ವರ್ಷರಿ."

ಡಾಕ್ಟರಮ್ಮ ಕುರ್ಚಿಯಿಂದ ಎದ್ದು ಬಂದು ಅವಳ ಎರಡೂ ಕೈ ಹಿಡಿದುಕೊಂಡರು. "ಅವ್ವಾ, ಆ ಮಾತು ಒಳಗ ರೇಡಿಯಂ ಇದ್ದ ಮೂರು ದಿನಕ್ಕ ಅಷ್ಟ. ಅದನ್ನ ತಗದ ಗಳಿಗೀಗೆ ನಿಮ್ಮ ಮೈಯಾಗ ಏನೂ ಉಳಿಲಿಲ್ಲ. ಅವತ್ತ ಕೂಸನ್ನ ಎತಗೊಂಡಿದ್ರೂ ಏನೂ ಆಗತಿರಲಿಲ್ಲ."

ಸಾವಂತ್ರವ್ವನಿಗೆ ಮೊದಲು ಬಂದದ್ದು ಸಿಟ್ಟು. ಬರದೆ ಇದ್ದೀತೇ? "ಮತ್ತ ಹೇಳಬಾರದೇನ್ರಿ! ನಾನು ಹತ್ತೂರ ಬಾಣಂತ್ಯಾರಿಗೆ ಪಥ್ಯ ಹಾಕಿದಾಕಿ. ಒಬ್ಬಾಕಿಗೂ ಬಿಡು ಅಂತ ಹೇಳೋದ ಮರ್ತಿಲ್ಲ ನಾ!"

"ಹೇಳಬೇಕಿತ್ತು," ಎಂದರು ಡಾಕ್ಟರಮ್ಮ. "ನಮ್ಮವರದ ತಪ್ಪು. ಈಗ ನಾ ಹೇಳತೇನಿ, ಕೇಳ್ರಿ. ಜಡ್ಡು ತಿರುಗಿ ಬರೋದಿದ್ರ ಬಹಳ ಮಾಡಿ ಮೊದಲ ಎರಡು ಮೂರು ವರ್ಷದಾಗ ಬರತದ. ನೀವು ಐದು ದಾಟೀರಿ. ಇನ್ನ ಬರೋದು ಭಾಳ ಕಡಿಮಿ. ಹೊಟ್ಟಿ ಕೆಡೋದು, ಸೊಂಟನೋವು ಕರೆಂಟಿನಿಂದ ಆದದ್ದು, ಅದು ಸ್ವಲ್ಪ ಉಳೀಬಹುದು. ಮತ್ತ ರಕ್ತ ಕಂಡ್ರ ಮಾತ್ರ ಆರು ತಿಂಗಳು ಮುಚ್ಚಿಡಬ್ಯಾಡ್ರಿ, ಮರುದಿನಾನ ಬರ್ರಿ. ಇಲ್ಲಂದ್ರ ವರ್ಷಕ್ಕೊಮ್ಮಿ ಬಂದ್ರ ಸಾಕು."

ಸಿಟ್ಟು ಎಲ್ಲಿಗೆ ಹೋಯಿತೋ. ಬದುಕುತ್ತೇನೆ ಎನ್ನುವುದು ಈ ಐದು ವರ್ಷದಲ್ಲಿ ಸಾವಂತ್ರವ್ವನಿಗೆ ಮೊದಲ ಸಲ ನಿಜವಾಗಿ ತಿಳಿದದ್ದು ಆವಾಗಲೇ. ಅವಳು ಬಾಗಿಲು ತೆರೆದು ಮಗಳನ್ನು ಒಳಗೆಳೆದುಕೊಂಡಳು. ಏನು ಎತ್ತ ಎಂದು ಕೇಳಗೊಡದೆ ಅವಳ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟು, ಪಕ್ಕೆಯಲ್ಲಿ ಒತ್ತಿ, ಕೆಳಗೆ ಒತ್ತಿ ನೋಡಿದಳು. ಕೈಗೆ ಏನೂ ಮರೆತಿರಲಿಲ್ಲ. "ತಲಿ ಮ್ಯಾಲ ಐತಿ. ಇನ್ನ ಹೊತ್ತೈತಿ, ತಿರುಗತೈತಿ," ಎಂದಳು. ಡಾಕ್ಟರಮ್ಮ ತಾವೂ ಮುಟ್ಟಿ ನೋಡಿ ಹೌದೆಂದು ತಲೆಯಾಡಿಸಿದರು. ಪದ್ಮವ್ವ ತಾಯಿಯ ಹೆಗಲ ಮೇಲೆ ಮುಖವಿಟ್ಟು ಅತ್ತಳು.

ಬರುವಾಗ ತಾಯಿ ಮಗಳು ರೈಲಿನಲ್ಲಿ ಮೈಗೆ ಮೈ ತಾಗಿಸಿಕೊಂಡು ಕೂತು ಬಂದರು.

ಮರುದಿನ ಮಧ್ಯಾಹ್ನ ಐಹೊಳೆಯಲ್ಲಿ ಬಸ್ಸಿಳಿದಾಗ ಅಮಸಿದ್ದಪ್ಪ ಮೊಮ್ಮಗಳನ್ನು ಕರೆದುಕೊಂಡು ಬಂದು ನಿಂತಿದ್ದ. ಪದ್ಮವ್ವ ಅವನಿಗೆ ಸಂಗತಿ ಹೇಳುತ್ತಿದ್ದಂತೆ ಸಾವಂತ್ರವ್ವ ಅಲ್ಲಿಯೇ ಕೂತು ಎರಡೂ ಕೈ ಚಾಚಿದಳು. "ಬಾರ ನನ್ನವ್ವಾ."

ಐದು ವರ್ಷ ತುಂಬುತ್ತ ಬಂದಿದ್ದ ಸತ್ಯವ್ವ ನಾಲ್ಕು ಮಾರು ದೂರದಲ್ಲೇ ನಿಂತಳು. ಅಷ್ಟೇ ದೂರದಲ್ಲಿ ನಿಲ್ಲಲು ಅವಳಿಗೆ ಕಲಿಸಿದ್ದರು. "ಆಯಿ, ನಿನ್ನ ಹತ್ತರ ಬರಬಾರದು," ಎಂದು ಅಜ್ಜಿಗೇ ಬುದ್ಧಿ ಹೇಳಿದಳು. ತಾತ ಬೆನ್ನು ತಟ್ಟಿ ಮುಂದೆ ತಳ್ಳಿದರೂ ಅಲುಗಾಡಲಿಲ್ಲ. ಪದ್ಮವ್ವ ಹೋಗು ಎಂದರೂ ಕೇಳಲಿಲ್ಲ.

ಸಾವಂತ್ರವ್ವ ಕಣ್ಣೊರೆಸಿಕೊಂಡು ಎದ್ದಳು. ತಾನೇ ನಡೆದು ಹೋಗಿ, ಹುಡುಗಿಯ ಕಂಕುಳಿಗೆ ಕೈಹಾಕಿ ಎತ್ತಿಕೊಂಡಳು. ಹುಡುಗಿ ಮೊದಲು ಸೆಟೆದುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಆಯಿಯ ಕೊರಳನ್ನು ಒಂದು ಬೆರಳಿನಿಂದ ಮುಟ್ಟಿ ನೋಡಿದಳು.

"ಎಷ್ಟೊತ್ತು ಎತಗೊಂಡ್ರ ನಡೀತೈತಿ, ಆಯಿ?"

"ನಿನಗ ಸಾಕು ಅನಸೋತನಕ."

ಸತ್ಯವ್ವ ಸಾಕು ಎನ್ನಲಿಲ್ಲ. ಸೊಂಟ ನೋಯುತ್ತದೆ, ಇಳಿಸು, ಅವಳಿಗೆ ನಡೆಯಲು ಬರುತ್ತದೆ ಎಂದು ಅಮಸಿದ್ದಪ್ಪ ದಾರಿಯುದ್ದಕ್ಕೂ ಹೇಳುತ್ತಲೇ ಬಂದ. ಸಾವಂತ್ರವ್ವ ಅವನ ಮಾತು ಕಿವಿಗೆ ಹಾಕಿಕೊಳ್ಳದೆ ಮೊಮ್ಮಗಳನ್ನು ಹೊತ್ತುಕೊಂಡೇ ಮನೆ ಸೇರಿದಳು.