ಅಳತೆಗೆ ಮಲಗಿಸುತ್ತಿದ್ದ ತಾರಾಬಾಯಿ

ಪೊಲೀಸ್ ಕೆಲಸದಿಂದ ನಿವೃತ್ತರಾಗಿದ್ದ ನಮ್ಮ ಓಣಿಯ ಹಿರಿಯರೊಬ್ಬರನ್ನು ಹಾಡಹಗಲೇ ಅಂಗಳದಲ್ಲಿ ಅಂಗಾತ ಮಲಗಿಸಿ, "ಸಾಹೇಬ್ರ, ಪರೇಡಿಗಿ ನಿಂತಂಗ ಸೆಟಗೊಂಡು ಮಲಗಬ್ಯಾಡ್ರಿ. ನಿದ್ದಿ ಹತ್ತಿದಾಗ ಹ್ಯಾಂಗ ಮಲಗ್ತೀರಿ, ಬರಾಬರ್ ಹಂಗ ಮಲ್ಕೋರಿ" ಎಂದು ಗದರಿಸುವ ಧೈರ್ಯ ಇಡೀ ಹುಮನಾಬಾದಿನಲ್ಲಿ ಒಬ್ಬಳಿಗೇ ಇತ್ತು. ಆಕೆ ಕೌದಿ ಹೊಲಿಯುವ ತಾರಾಬಾಯಿ. ಸಾಹೇಬರು ಕಕ್ಕಾಬಿಕ್ಕಿಯಾಗಿ, ಮೊಣಕಾಲು ಹೊಟ್ಟೆಗೆ ಎಳೆದುಕೊಂಡು, ಕೈ ಕೆನ್ನೆಯ ಕೆಳಗಿಟ್ಟು ಮುದುಡಿ ಮಲಗಿದರು. ಓಣಿಗೆ ಓಣಿಯೇ ನಕ್ಕಿತು.

ತಾರಾಬಾಯಿ ಕೊಡಂಬಲದವಳು. ಬೆಳಗಿನ ಬಸ್ಸಿಗೆ ಬಂದಿಳಿಯುತ್ತಿದ್ದಳು, ಸೆರಗಿಗೆ ಎರಡು ಸೂಜಿ ಚುಚ್ಚಿಕೊಂಡು. ಹಳೆಯ ಸೀರೆ, ಧೋತರಗಳನ್ನು ಮನೆಯವರು ಕೊಡಬೇಕು. ಆಕೆ ಅವರ ಅಂಗಳದಲ್ಲೇ ಅವನ್ನು ಪದರ ಪದರವಾಗಿ ಹಾಸಿ, ನಾಲ್ಕು ದಿನ ಕುಳಿತು ಕೌದಿ ಹೊಲಿದು ಎದ್ದುಹೋಗುತ್ತಿದ್ದಳು. ಉಳಿದವರೆಲ್ಲ ಮೊಳ ಹಾಕಿ ಅಳೆದರೆ ಈಕೆಗೆ ಹೊದೆಯುವವರೇ ಬಂದು ಬಟ್ಟೆಯ ಮೇಲೆ ಮಲಗಬೇಕು. "ಮೊಳ ಯಾರದ್ರಿ? ನಂದು. ಕಾಲು ಯಾರದು? ನಿಮ್ಮದು. ಹೊರಗ ಬಂದ್ರ ಥಂಡಿ ಯಾರಿಗಿ?" ಎಂದು ಕೇಳಿದರೆ ಎಂಥವರೂ ಹೋಗಿ ಮಲಗುತ್ತಿದ್ದರು. ನಾನು ಪ್ರೌಢಶಾಲೆಯ ಟೀಚರು. ಒಮ್ಮೆ ನಮ್ಮ ಶಾಲೆಯ ಪಕ್ಕದ ಮನೆಯಲ್ಲಿ ಹೊಲಿಯುತ್ತ ಕುಳಿತಿದ್ದವಳು ಸಂಜೆ ಸಿಕ್ಕಾಗ, "ಬಾಯಾರ, ಮಕ್ಕಳಿಗಿ ಪಾಠ ಹೇಳಾಕತ್ತಿದ್ರೋ, ಅವರ ಜೋಡಿ ಜಗಳ ಆಡಾಕತ್ತಿದ್ರೋ?" ಎಂದು ವಿಚಾರಿಸಿದ್ದಳು.

ಮಲಗಿಸಿ ಅಳೆಯುವುದರಲ್ಲಿ ಇನ್ನೊಂದು ಉಪಯೋಗವಿದೆ ಎಂದು ನನಗೆ ತಿಳಿದದ್ದು ಘಾಟಬೋರಾಳದ ಪ್ರಸಂಗದಲ್ಲಿ. ಅಲ್ಲಿ ಒಂದು ಮನೆಯವರು ಮೊಮ್ಮಕ್ಕಳಿಗೆಂದು ಎರಡು ಪುಟ್ಟ ಕೌದಿ ಹೊಲಿಯಲು ಕರೆದಿದ್ದರು. "ಅಜ್ಜಾರದು?" ಎಂದಳಂತೆ ಈಕೆ. "ಅವರಿಗಿ ಬ್ಯಾಡಂತ" ಎಂದ ಮಗ. "ಅವರ ಬಾಯಿಲೇ ಬ್ಯಾಡಂತ ಹೇಳಿಸ್ರಿ" ಎಂದು ಎದ್ದೇಬಿಟ್ಟಳು. ಅಜ್ಜ ಹಿತ್ತಲಿನ ಕೋಣೆಯಲ್ಲಿದ್ದರು. ಬಾಗಿಲಿಗೆ ಹೊರಗಿನಿಂದ ಕೊಂಡಿ. ಹಗಲೆಲ್ಲ ಯಾಕೆ ಕೊಂಡಿ ಎಂದರೆ, "ಹೊರಗ ಬಂದ್ರ ಬೀಳ್ತಾರ" ಎಂದ ಮಗ. ಅಳತೆಗೆ ಮಲಗಿಸಿದಾಗ ಅಂಗಿಯ ತೋಳು ಸರಿದು, ರಟ್ಟೆಯ ಮೇಲೆ ನೀಲಿಗಟ್ಟಿದ ಬೆರಳಿನ ಗುರುತು ಕಂಡಿತು. ಏನಾಯಿತೆಂದು ಕೇಳಿದರೆ ಅಜ್ಜ ಮೊದಲು ಮಗನ ಮುಖ ನೋಡಿ, ಆಮೇಲೆ "ಬಿದ್ದೆ" ಎಂದರಂತೆ.

ತಾರಾಬಾಯಿ ಅಲ್ಲಿ ತುಟಿ ಬಿಚ್ಚಲಿಲ್ಲ. ಆಕೆಯ ಬಾಯಿಗೆ ಅದೆಷ್ಟು ಕಷ್ಟವಾಗಿರಬೇಕು! ನಾಲ್ಕು ದಿನದ ಕೆಲಸವನ್ನು ಒಂಬತ್ತು ದಿನ ಎಳೆದಳು. ಒಂದು ದಿನ ಸೂಜಿ ಮುರಿಯಿತು, ಒಂದು ದಿನ ದಾರ ಸಾಲಲಿಲ್ಲ, ಒಂದು ದಿನ ಸೊಂಟ ಹಿಡಿಯಿತು. ದಿನಾಲೂ ಅಜ್ಜನ ಬಾಗಿಲ ಮುಂದೆಯೇ ಹಾಸಿಕೊಂಡು ಕೂತು, ಮಗ ಹೊಲಕ್ಕೆ ಹೋದ ಮೇಲೆ ಅವರ ಜೊತೆ ಮಳೆ, ತೊಗರಿ ಎಂದು ಹರಟುತ್ತಿದ್ದಳು. ಎಂಟನೆಯ ದಿನ ಅಜ್ಜ ಅತ್ತುಬಿಟ್ಟರು. "ನಿಮಗ ಏನಾಗಬೇಕ್ರಿ, ಅಜ್ಜಾರ?" ಎಂದು ಕೇಳಿದಳಂತೆ. "ಮಗನಿಗಿ ಜೇಲು ಬ್ಯಾಡವ್ವ. ನನ್ನ ಮೈಮ್ಯಾಲ ಕೈ ಬ್ಯಾಡ. ಬಾಗಿಲಿಗಿ ಕೊಂಡಿ ಬ್ಯಾಡ. ಅಷ್ಟೇ ಸಾಕು."

ಆ ಭಾನುವಾರ ಕಣ್ಣು ತೋರಿಸುವ ನೆಪ ಮಾಡಿ ಅಜ್ಜನನ್ನು ನಮ್ಮ ಮನೆಗೇ ಕರೆತಂದಳು. "ಬಾಯಾರ, ಪೆನ್ನು ತಗೋರಿ." ಹಿರಿಯರ ಸಹಾಯವಾಣಿಗೆ ಫೋನ್ ಹಚ್ಚಿ ಎಲ್ಲ ಕೇಳಿಕೊಂಡೇ ಬಂದಿದ್ದಳು: ಬಸವಕಲ್ಯಾಣದ ಎ.ಸಿ. ಸಾಹೇಬರ, ಅಂದರೆ ಸಹಾಯಕ ಆಯುಕ್ತರ, ಕಚೇರಿಗೆ ಅರ್ಜಿ ಕೊಡಬೇಕು, ವಕೀಲರೇ ಬೇಕೆಂದೇನಿಲ್ಲ. ಅಜ್ಜ ಹೇಳಿದರು, ನಾನು ಬರೆದೆ. 'ಹೊರಗಿನಿಂದ ಕೊಂಡಿ ಹಾಕುತ್ತಾರೆ' ಎಂಬ ಸಾಲಿನ ಕೆಳಗೆ ಸಿಟ್ಟಿನಿಂದ ಎರಡು ಗೆರೆಯನ್ನೂ ಎಳೆದೆ. ಕಚೇರಿಯವರು ಮಗನನ್ನು ಕರೆಸಿ, ಕೂಡಿಸಿ, ಇನ್ನು ಕೈ ಎತ್ತುವುದಿಲ್ಲ, ಕೂಡಿಹಾಕುವುದಿಲ್ಲ ಎಂದು ಮುಚ್ಚಳಿಕೆ ಬರೆಸಿಕೊಂಡರು. ಕೊಂಡಿ ಕಿತ್ತುಹಾಕಿದರು. ಊರಿನ ಆಶಾ ಕಾರ್ಯಕರ್ತೆ ವಾರಕ್ಕೊಮ್ಮೆ ಅಜ್ಜನನ್ನು ಮಾತಾಡಿಸಿ ಬರುವುದೆಂದಾಯಿತು. ನಾನಂತೂ ಆ ಕಥೆಯನ್ನು ಸ್ಟಾಫ್ ರೂಮಿನಲ್ಲಿ ಮಸಾಲೆ ಹಚ್ಚಿ ಹಚ್ಚಿ ಹೇಳಿದೆ.

ಆ ಹುರುಪಿನಲ್ಲೇ ನಮ್ಮ ಅತ್ತೆಗೂ ಒಂದು ಕೌದಿ ಹೊಲಿಯಲು ತಾರಾಬಾಯಿಗೆ ಹೇಳಿದೆ. ರಜೆಯ ದಿನ ಬಾ ಎಂದರೆ ಆಕೆ ಶಾಲೆಯ ದಿನವೇ ಬಂದುಬಿಟ್ಟಿದ್ದಳು. ಸಂಜೆ ನಾನು ಬರುವ ಹೊತ್ತಿಗೆ ಕಿಟಕಿಯ ಹೊರಗೆ ಕಲ್ಲಿನ ಮೇಲೆ ಕುಳಿತಿದ್ದಾಳೆ. ಸೀರೆಯ ಒಂದು ತುದಿ ಆಕೆಯ ಕೈಯಲ್ಲಿ, ಇನ್ನೊಂದು ಸರಳುಗಳ ನಡುವೆ ತೂರಿ ಒಳಗೆ. ಒಳಗೆ ಮಂಚದ ಮೇಲೆ ಮಲಗಿದ್ದ ಅತ್ತೆ, ಕಾಶಮ್ಮ, "ಕಾಲಿನ ಹೆಬ್ಬಟ್ಟಿಗಿ ಬಂತು ನೋಡವ್ವ!" ಎಂದು ಕೂಗುತ್ತಿದ್ದಾರೆ. ಇಬ್ಬರಿಗೂ ನಗು ತಡೆಯುತ್ತಿಲ್ಲ. ನಾನೂ ನಗುತ್ತಲೇ ಪರ್ಸಿನಿಂದ ಕೀಲಿ ತೆಗೆದೆ.

"ಹ್ವಾದ ವರ್ಷ ಮೆಟ್ಟಲ ಮ್ಯಾಲ ಜಾರಿದ್ರು. ಅದಕ್ಕ ಬೀಗ ಹಾಕಿ ಹೋಗ್ತೀನ್ರಿ. ಒಳಗ ರೊಟ್ಟಿ, ನೀರು, ಟಿ.ವಿ. ಎಲ್ಲಾ ಅದ" ಎಂದೆ.

ತಾರಾಬಾಯಿ ಹಲ್ಲಿನಿಂದ ದಾರ ಕಡಿದಳು. "ಘಾಟಬೋರಾಳದ ಮಗಾನೂ ಹಿಂಗ ಅಂದಿದ್ನಲ್ರಿ, ಬೀಳ್ತಾರ ಅಂತ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ನನ್ನ ಅವನ ಸಾಲಿಗಿ ಹಚ್ಚಾಕತ್ತೀರೇನು?"

"ಇಲ್ರೀ ಬಾಯಾರ. ನೀವು ಕೈ ಎತ್ತೋರಲ್ಲ, ಊಟಕ್ಕ ಕಮ್ಮಿ ಮಾಡೋರಲ್ಲ. ನನಗ ಗೊತ್ತದ. ಖರೇ ಬೀಗಕ್ಕ ಹ್ಯಾಂಗ ಗೊತ್ತಾಗಬೇಕ್ರಿ, ಹಾಕಿದೋರು ಒಳ್ಳೇರೋ ಕೆಟ್ಟೋರೋ ಅಂತ?" ಹೀಗೆಂದು ಕಿಟಕಿಯ ಕಡೆ ತಿರುಗಿದಳು. "ಕಾಶವ್ವ, ನಿಮಗ ಏನಾಗಬೇಕು?"

ಅತ್ತೆ ಮೊದಲು ನನ್ನ ಮುಖ ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ, "ಓಣ್ಯಾಗ ನಾಕ ಮಂದಿ ಜೋಡಿ ಕೂಡಬೇಕು ಅನಸ್ತದ" ಎಂದರು. ಅವರು ನನ್ನ ಮುಖ ನೋಡಿದ ಆ ಒಂದು ಗಳಿಗೆಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಎರಡು ದಿನ ಮುಖ ಊದಿಸಿಕೊಂಡಿದ್ದೆ. ಮೂರನೆಯ ದಿನ ಮೆಟ್ಟಿಲಿಗೆ ಹಿಡಿಕೆಯ ಪೈಪು ಹಾಕಿಸಿದೆವು, ಅತ್ತೆಗೊಂದು ಕೋಲು ಬಂತು, ಎದುರು ಮನೆಯವರಿಗೆ ಆಗಾಗ ನೋಡಿರೆಂದು ಹೇಳಿದೆವು, ಕೀಲಿ ಅತ್ತೆಯ ಸೆರಗಿನ ಗಂಟು ಸೇರಿತು. ಮೊದಲು ಎದುರಿನ ಕಟ್ಟೆ, ಆಮೇಲೆ ಕಾಯಿಪಲ್ಲೆಯ ಸಂತೆ. ಒಂದು ದಿನ ಆಧಾರ್ ಕಾರ್ಡು ಹಿಡಿದು ಬಸ್ಸು ಹತ್ತಿ ಕೊಡಂಬಲಕ್ಕೆ, ತಾರಾಬಾಯಿಯ ಮನೆಗೇ ಹೋಗಿಬಂದರು. ಇಬ್ಬರಿಗೂ ಗಳಸ್ಯ ಕಂಠಸ್ಯ. ನನಗೋ ಪ್ರತಿಸಲವೂ ಜೀವ ಬಾಯಿಗೆ. ಫೋನು ಮಾಡಿದರೆ ತಾರಾಬಾಯಿ, "ಫಿಕರ್ ಮಾಡಬ್ಯಾಡ್ರಿ ಬಾಯಾರ, ನಿಮ್ಮ ಅತ್ತಿ ಇಲ್ಲೇ ಕುಂತು ನಿಮ್ಮನ್ನ ಬೈಯಾಕತ್ತಾರ" ಎಂದು ನಗುತ್ತಿದ್ದಳು.

ಹೋದ ಚಳಿಗಾಲದಲ್ಲಿ ಒಂದು ಸಂಜೆ ಬಂದರೆ ಅತ್ತೆ ಮನೆಯಲ್ಲಿಲ್ಲ. ಎದುರಿನ ಕಟ್ಟೆಯಲ್ಲಿಲ್ಲ, ಸಂತೆಯಲ್ಲಿಲ್ಲ. ತಾರಾಬಾಯಿಗೆ ಫೋನ್ ಹಚ್ಚಿದೆ, ಎತ್ತಲಿಲ್ಲ. ಹೊತ್ತು ಮುಳುಗುವಾಗ ಅತ್ತೆ ಕೋಲೂರುತ್ತ ಓಣಿಯ ತುದಿಯಲ್ಲಿ ಕಾಣಿಸಿದರು. ಬಾಯಿ ತುಂಬ ಬೈಗಳು ಸಿದ್ಧಮಾಡಿಕೊಂಡು ಓಡಿದೆ.

"ದೂರ ನಿಂದ್ರು, ಮುಟ್ಟಬ್ಯಾಡ. ಜಳಕಕ್ಕ ನೀರು ಕಾಸು. ಮಣ್ಣಿಗಿ ಹೋಗಿದ್ದೆ."

"ಯಾರ ಮಣ್ಣಿಗ್ರೀ?"

"ತಾರಾಬಾಯಿ ಹೋದಳು. ನಸುಕಿನ್ಯಾಗ, ಮಲಗಿದಲ್ಲೇ."

ಕೊನೆಯ ಸಲ ಮುಖ ನೋಡಲೂ ಆಗಲಿಲ್ಲ. "ನನಗ ಯಾಕ ಹೇಳಲಿಲ್ರಿ? ನನ್ನ ಕೇಳದಂಗ ಹೋದ್ರ್ಯಾ?"

ಅತ್ತೆ ನೇರವಾಗಿ ನನ್ನನ್ನೇ ನೋಡಿದರು. "ನೀ ಸಾಲ್ಯಾಗ ಇದ್ದಿ. ಆಕಿ ನನ್ನ ಗೆಳತಿ. ಕೇಳೋದೇನದ ಅದರಾಗ?"