ತಾತ ಹೇಳಿದ್ದು ತಪ್ಪು

ನನ್ನ ಮೊಮ್ಮಗಳು ಗೆದ್ದಳು! ಒಬ್ಬಳೇ ಅಲ್ಲ, ಅವಳ ಜೊತೆ ಇನ್ನಿಬ್ಬರು ಹುಡುಗಿಯರು. ಹೈಸ್ಕೂಲು ಮಕ್ಕಳಿಗೆಂದು ಹೊಸಪೇಟೆಯಲ್ಲಿ ಭೂಗರ್ಭಶಾಸ್ತ್ರದ ಸ್ಪರ್ಧೆ ಇಟ್ಟಿದ್ದರು, ಮೂರು ಮೂರು ಜನರ ತಂಡ. ದೊಡ್ಡ ದೊಡ್ಡ ಶಾಲೆಗಳೆಲ್ಲ ಬಂದಿದ್ದವು. ಮೊದಲನೇ ಬಹುಮಾನ ಮಾತ್ರ ಬಂದದ್ದು ಸಂಡೂರು ಹತ್ತಿರದ ನಮ್ಮ ವಡ್ಡು ಕಡೆಯ ಸರ್ಕಾರಿ ಶಾಲೆಗೆ. ಅದು ಹೇಗೆ ಬಂತೆಂದು ಕೇಳಿದರೆ ನೀವು ನಗುತ್ತೀರಿ. ನನ್ನ ಮಾತು ತಪ್ಪು ಎಂದು ಹೇಳಿ ಗೆದ್ದಳು ನನ್ನ ಮೊಮ್ಮಗಳು. ಅದೂ ಮೈಕಿನಲ್ಲಿ, ತುಂಬಿದ ಸಭೆಯಲ್ಲಿ, ನಾನು ಎರಡನೇ ಸಾಲಿನಲ್ಲಿ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಕೂತಿರುವಾಗ!

ನಾನು ಹೆಚ್ಚು ಓದಿದವನಲ್ಲ. ಅಕ್ಷರ ಕೂಡಿಸಿ ಓದುತ್ತೇನೆ, ಬರೆಯುತ್ತೇನೆ, ಅಷ್ಟೇ. ಯಂತ್ರಗಳು ಬರುವ ಮುಂಚೆ ಸಂಡೂರಿನ ಗುಡ್ಡಗಳಲ್ಲಿ ಪುಟ್ಟಿ ಹೊತ್ತು ಲಾರಿಗೆ ಅದಿರು ತುಂಬಿದವನು. ಕಬ್ಬಿಣದ ಅದಿರು ಸಾಮಾನ್ಯ ಕಲ್ಲಿಗಿಂತ ಭಾರ. ಪುಟ್ಟಿ ತಲೆಗೇರಿದ ಕೂಡಲೇ ಒಳಗಿರುವುದು ಅದಿರೋ ಬರೀ ಕಲ್ಲೋ ಎಂದು ಕುತ್ತಿಗೆಗೆ ಗೊತ್ತಾಗುತ್ತಿತ್ತು. ನನ್ನ ವಿದ್ಯೆ ಅಲ್ಲಿಗೆ ಮುಗಿಯಿತು. ಆ ಕಲ್ಲು ಎಲ್ಲಿಂದ ಬಂತು, ಗುಡ್ಡದೊಳಗೆ ಹೇಗೆ ಸೇರಿತು ಎಂದು ನಾನು ಒಮ್ಮೆಯೂ ಕೇಳಿದವನಲ್ಲ. ತುಂಬಿದೆವು, ಲಾರಿ ಹೋಯಿತು, ಇನ್ನೊಂದು ಬಂತು.

ಮೊಮ್ಮಗಳು ಹಾಗಲ್ಲ. ನಮ್ಮ ಕಡೆ ಹೊಸಬರು ಮನೆಗೆ ಬಂದರೆ ನೀರು ಕೊಟ್ಟು ‘ನೀವು ಯಾರ ಪೈಕಿ?’ ಎಂದು ಕೇಳುತ್ತೇವಲ್ಲ, ಅವಳು ಕಲ್ಲನ್ನು ಹಾಗೆ ಕೇಳುತ್ತಾಳೆ. ಕೈಯಲ್ಲಿ ತಿರುಗಿಸುತ್ತಾಳೆ, ಮೂಸುತ್ತಾಳೆ, ಬಿಳಿ ಬಿಲ್ಲೆಯೊಂದರ ಮೇಲೆ ಉಜ್ಜಿ ಯಾವ ಬಣ್ಣ ಬಿಡುತ್ತದೆಂದು ನೋಡುತ್ತಾಳೆ. ನಮ್ಮ ಗುಡ್ಡದ ಅದಿರಾದರೆ ಕೆಂಪು ಬಿಡುತ್ತದಂತೆ. ಸ್ಪರ್ಧೆ ಹತ್ತಿರ ಬಂದಾಗ ಮೂವರೂ ನಮ್ಮ ಮನೆ ಕಟ್ಟೆಯ ಮೇಲೆ ಕಲ್ಲು ಹರವಿಕೊಂಡು ಕೂತರು. ಒಬ್ಬಳು ನಮ್ಮೂರ ಕಿರಾಣಿ ಅಂಗಡಿಯವರ ಮಗಳು. ಇನ್ನೊಬ್ಬಳು ಕಂಪ್ಲಿ ಹತ್ತಿರದ ಮೆಟ್ರಿಯವಳು, ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ತಂಡಕ್ಕೆ ನಾಯಕಿ ಅವಳೇ, ಬಾಯಿ ಭಾರಿ ಜೋರು. ನಾನೂ ಪಕ್ಕದಲ್ಲಿ ಕೂತು ಒಂದು ಮಾತು ಹೇಳಿಕೊಟ್ಟೆ: “ಕರ್ರಗಿರಬೇಕು, ಕೈಯಾಗ ಹಿಡಿದ್ರ ತೂಕ ಬರಬೇಕು. ಕಣ್ಣು ಮುಚ್ಚಿ ಅದಿರು ಅನ್ರಿ.”

“ತಾತ ಅಂದ್ಮ್ಯಾಲೆ ಮುಗೀತು” ಎಂದಳು ಮೆಟ್ರಿಯವಳು. ಮೊಮ್ಮಗಳು ಏನೋ ಹೇಳಲು ಬಾಯಿ ತೆರೆದು, ನನ್ನ ಮುಖ ನೋಡಿ, “ಹೂಂ ತಾತ” ಎಂದಳು.

ಈ ‘ಹೂಂ’ ಅವಳ ದೊಡ್ಡ ಕಷ್ಟ. ಅವಳ ಟೀಚರಮ್ಮ ನನ್ನ ಹತ್ತಿರ ಅದನ್ನೇ ಹೇಳಿಕೊಂಡಿದ್ದರು. “ಮೊದಲನೇ ಸುತ್ತಿನ್ಯಾಗ ಸರಿ ಉತ್ತರ ಇವಳಿಗೆ ಗೊತ್ತಿತ್ರಿ. ಗೆಳತಿ ಗಟ್ಟಿಯಾಗಿ ಬ್ಯಾರೆ ಹೇಳಿದ್ಲು, ಇವಳು ಹೂಂ ಅಂದ್ಬಿಟ್ಲು. ಸ್ವಲ್ಪದಾಗ ಉಳ್ಕೊಂಡೀವಿ. ಕಡೀ ಸುತ್ತಿನ್ಯಾಗೂ ಹಿಂಗ ಮಾಡಿದ್ರ ಕಲಿತಿದ್ದೆಲ್ಲ ನೀರಾಗ ಹೋದಂಗ.” ನನಗೆ ಆ ಮಾತು ನಾಟಿತು. ಯಾಕೆಂದರೆ ಆ ಹೂಂ ಕಲಿಸಿದ್ದು ನಮ್ಮ ಮನೆಯೇ. ದೊಡ್ಡವರ ಮಾತಿಗೆ ಎದುರಾಡಬಾರದು ಎಂದು ಅವಳ ಅವ್ವ ಹೇಳುತ್ತಾಳೆ, ಅವಳವ್ವನಿಗೆ ಅವಳವ್ವ ಹೇಳಿದ್ದಳು. ತಪ್ಪು ಮಾತಲ್ಲ ಅದು. ಆದರೆ ಎಲ್ಲ ಕಡೆಗೂ ಒಂದೇ ಅಳತೆ ಆಗುವುದಿಲ್ಲವಲ್ಲ!

ಕಡೆಯ ಸುತ್ತಿನ ದಿನ ನಾನೂ ಅವರ ಜೊತೆ ಹೋದೆ. ಬೆಳಿಗ್ಗೆ ಎಲ್ಲ ಮಕ್ಕಳನ್ನೂ ಹಂಪಿಗೆ ಕರೆದೊಯ್ದು ಬಂಡೆ ತೋರಿಸಿ ಅವುಗಳ ಬಗ್ಗೆ ಬರೆಸಿದರು. ಊಟ ಆದ ಮೇಲೆ ಹೊಸಪೇಟೆಯ ಒಂದು ಸಭಾಭವನದಲ್ಲಿ ಕಲ್ಲು ಗುರುತು ಹಿಡಿಯುವ ಆಟ. ಪ್ರತಿ ತಂಡಕ್ಕೂ ಒಂದು ಮೇಜು, ಒಂದು ಮೈಕು. ಮೂವರೂ ತಮ್ಮೊಳಗೆ ಮಾತಾಡಿಕೊಂಡು ಒಂದೇ ಉತ್ತರ ಹೇಳಬೇಕು, ಹೇಳಿದ್ದನ್ನು ಬದಲಾಯಿಸುವ ಹಾಗಿಲ್ಲ. ಆಡುತ್ತಾ ಆಡುತ್ತಾ ನಮ್ಮವರು ಮತ್ತು ಇನ್ನೊಂದು ಶಾಲೆಯವರು ಸರಿಸಮ ಬಂದು ನಿಂತರು. ಉಳಿದದ್ದು ಒಂದೇ ಕಲ್ಲು. ಆ ಶಾಲೆಯವರು ಮೊದಲು ನೋಡಿ ‘ಜ್ವಾಲಾಮುಖಿಯ ಕಲ್ಲು’ ಎಂದರು. ತೀರ್ಪುಗಾರರು ಅಲ್ಲವೆಂದು ತಲೆಯಾಡಿಸಿ ಅದನ್ನು ನಮ್ಮವರ ಮೇಜಿಗೆ ಕಳಿಸಿದರು. ಸರಿ ಹೇಳಿದರೆ ಗೆದ್ದರು.

ದೂರದಿಂದಲೇ ನೋಡಿದೆ. ಕರ್ರಗಿತ್ತು. ಎತ್ತಿದಾಗ ಹುಡುಗಿಯ ಕೈ ಬಗ್ಗಿತು. ‘ಅದಿರೇ’ ಎಂದುಕೊಂಡೆ ನಾನು, ಗೆದ್ದೇಬಿಟ್ಟೆವು!

ಮೂವರೂ ತಲೆ ಹತ್ತಿರ ತಂದು ಪಿಸುಗುಟ್ಟತೊಡಗಿದರು. ಮೈಕು ಬಾಯಿಯ ಹತ್ತಿರವೇ ಇದೆ ಎಂಬುದು ಯಾರಿಗೂ ನೆನಪಿಲ್ಲ. ಪಿಸುಮಾತೆಲ್ಲ ಭವನದ ತುಂಬ ಗುಡುಗಿತು.

“ಅದಿರು ಇದು. ನಿಮ್ಮ ತಾತ ಹೇಳಿದಂಗ ಐತಿ, ತೂಕ ನೋಡು.” ಇದು ಮೆಟ್ರಿಯವಳು.

“ಬಿಲ್ಲಿ ಮ್ಯಾಲೆ ಉಜ್ಜೀನಿ, ಕೆಂಪು ಬಿಡವಲ್ದು.” ಇದು ನಮ್ಮವಳು.

“ಸರಿಯಾಗಿ ಉಜ್ಜಲೇ!”

“ಉಜ್ಜೀನಿ. ತೂತು ನೋಡು, ದೋಸಿ ಮ್ಯಾಲೆ ಬಿದ್ದಂಗ ಬಿದ್ದಾವು. ಅಂದ್ರ ಇದು ಕುದ್ದೈತಿ. ಇಲ್ಲಿ ನೋಡು, ಇದ್ದಲಿ ಚೂರು ಸಿಕ್ಕೊಂಡೈತಿ. ಯಾರೋ ಒಲಿ ಹೂಡಿ ಕುದಿಸ್ಯಾರ.”

“ಹಂಗಾದ್ರ ನಿಮ್ಮ ತಾತ ಹೇಳಿದ್ದು?”

ಟೀಚರಮ್ಮ ನನ್ನ ಕಡೆ ತಿರುಗಿ ನೋಡಿದರು. ಈಗ ಹೂಂ ಅಂದುಬಿಡುತ್ತಾಳೆ ಎಂದುಕೊಂಡೆ. ನನ್ನ ಮರ್ಯಾದೆ ಉಳಿಸಲು ಹೋಗಿ ಎಲ್ಲವನ್ನೂ ಕಳೆದುಕೊಳ್ಳುತ್ತಾಳೆ ಎಂದುಕೊಂಡೆ. ನಾನು ಇಲ್ಲಿಗೆ ಬರಲೇಬಾರದಿತ್ತು ಎಂದೂ ಅನ್ನಿಸಿತು.

“ತಾತ ಹೇಳಿದ್ದು ತಪ್ಪು” ಎಂದಿತು ಮೈಕು.

ಭವನವೆಲ್ಲ ಗೊಳ್ಳೆಂದು ನಕ್ಕಿತು. ಆಗ ಅವಳಿಗೆ ಮೈಕು ಕಂಡಿತು, ಮುಖ ಕುಂಕುಮದ ಹಾಗಾಯಿತು. ಆದರೂ ಎದ್ದು ನಿಂತಳು. ಪುಸ್ತಕದಲ್ಲಿ ಕಲಿತಿದ್ದ ಅದರ ಹೆಸರು ಆ ಗಾಬರಿಯಲ್ಲಿ ಮರೆತುಹೋಯಿತೇನೋ, “ಸರ್, ಇದು ಕಲ್ಲು ಅಲ್ಲರಿ. ಕಿಟ್ಟ!” ಎಂದಳು.

“ಕಿಟ್ಟ ಅಂದ್ರೆ ಏನಮ್ಮ?”

“ಅದಿರು ಕಾಸಿ ಕಬ್ಬಿಣ ತೆಗೆದ ಮ್ಯಾಲೆ ಹೊಲಸು ಉಳೀತದಲ್ರಿ ಸರ್, ಅದು. ದೀಪದ ತಳದಾಗ ಎಣ್ಣಿ ಕಿಟ್ಟ ಕಟ್ಟೋದಿಲ್ಲೇನ್ರಿ, ಹಂಗ. ಇದು ಗುಡ್ಡದಾಗ ಹುಟ್ಟಿದ್ದಲ್ಲ, ಮನುಷ್ಯಾರು ಮಾಡಿದ್ದು.”

ತೀರ್ಪುಗಾರರು ಎದ್ದು ಚಪ್ಪಾಳೆ ತಟ್ಟಿದರು. ನಮ್ಮ ಗುಡ್ಡಗಳ ಕಡೆಯೇ ಸಿಕ್ಕ ಈ ಕಲ್ಲಲ್ಲದ್ದನ್ನು ಕಲ್ಲುಗಳ ನಡುವೆ ಬೇಕೆಂದೇ ಇಟ್ಟಿದ್ದರಂತೆ. ನಾನು ಎಷ್ಟು ಜೋರಾಗಿ ಚಪ್ಪಾಳೆ ತಟ್ಟಿದೆನೆಂದರೆ ಮುಂದಿನ ಸಾಲಿನವರು ತಿರುಗಿ ನೋಡಿ, “ಏನ್ ಯಜಮಾನ್ರೇ, ನಿಮ್ಮ ಹುಡುಗೀನಾ?” ಎಂದರು. “ಆ ತಪ್ಪು ತಾತ ನಾನೇರಿ!” ಎಂದೆ.

ಬಹುಮಾನದ ಕಪ್ ತೆಗೆದುಕೊಂಡವಳು ನನ್ನ ಹತ್ತಿರ ಬರಲಿಲ್ಲ. ಟೀಚರಮ್ಮನ ಬೆನ್ನ ಹಿಂದೆ ನಿಂತಳು. ಬಸ್ಸಿನಲ್ಲಿ ನಾನೇ ಹೋಗಿ ಪಕ್ಕದಲ್ಲಿ ಕೂತಾಗ ಕಣ್ಣೀರು ತುಂಬಿಕೊಂಡು, “ಮೈಕ್ ಐತಂತ ಗೊತ್ತಿರಲಿಲ್ಲ ತಾತ” ಎಂದಳು.

“ಮೈಕ್ ಇಲ್ದಿದ್ರ ನನಗ ಹೆಂಗ ಕೇಳ್ತಿತ್ತು?” ಎಂದೆ.

ಬಸ್ಸು ಗುಡ್ಡ ಏರುವಾಗ ಕಿಟಕಿಯಾಚೆ ನಾವು ಅಗೆದ ಕೆಂಪು ಇಳಿಜಾರುಗಳು ಕಂಡವು. ತುಂಬಿ ಕಳಿಸುವುದಷ್ಟೇ ನಮಗೆ ಗೊತ್ತಿತ್ತು. ನಮಗಿಂತ ಎಷ್ಟೋ ತಲೆಮಾರು ಹಿಂದೆ ಯಾರೋ ಇಲ್ಲೆಲ್ಲೋ ಒಲೆ ಹೂಡಿ, ತಿದಿ ಒತ್ತಿ, ಅದಿರು ಕಾಸಿ, ಕಬ್ಬಿಣ ಒಯ್ದು, ಕಿಟ್ಟ ಬಿಟ್ಟು ಹೋಗಿದ್ದಾರೆ. ಅವರು ಬಿಟ್ಟದ್ದನ್ನು ಈ ಹುಡುಗಿ ಎತ್ತಿಕೊಂಡು, ನೀನು ಯಾರ ಪೈಕಿ ಎಂದು ಕೇಳಿದಳು. ಅದಕ್ಕೆ ನನ್ನ ಕುತ್ತಿಗೆಯ ವಿದ್ಯೆ ಸಾಲದೇ ಹೋದರೆ ನನಗೇನು ನಷ್ಟ? ನಾನು ನಿಂತ ಜಾಗದಿಂದ ಅವಳು ಮುಂದೆ ಹೆಜ್ಜೆ ಇಟ್ಟಳು. ಮೊಮ್ಮಕ್ಕಳು ಇರುವುದು ಮತ್ತೆ ಯಾತಕ್ಕೆ?

ಸುದ್ದಿ ನಮಗಿಂತ ಮೊದಲೇ ಫೋನಿನಲ್ಲಿ ಮನೆ ಸೇರಿತ್ತು. ಒಲೆಯ ಮೇಲೆ ಗೋಧಿ ಹುಗ್ಗಿ ಕುದಿಯುತ್ತಿತ್ತು, ಎಣ್ಣೆಯಲ್ಲಿ ಮಿರ್ಚಿ ಬೇಯುತ್ತಿತ್ತು. ಕಾರ್ಖಾನೆಯ ಪಾಳಿ ಮುಗಿಸಿ ಮಗ ಬಂದ. ಪಡಸಾಲೆಯಲ್ಲಿ ಎಲ್ಲರೂ ಒಟ್ಟಿಗೆ ಕೂತೆವು. ಸೊಸೆ ಬಡಿಸುತ್ತಾ ಬಡಿಸುತ್ತಾ ಮಗಳ ಮುಂದೆ ನಿಂತಳು. “ತಾತಗ ತಪ್ಪು ಅಂದಿಯಂತ, ಊರ ಮಂದಿ ಮುಂದ?”

ಹುಡುಗಿಯ ಕೈ ತಟ್ಟೆಯಲ್ಲೇ ನಿಂತಿತು.

“ಅಂದ್ಲು” ಎಂದೆ ನಾನು. “ಸರಿ ಅಂದ್ಲು. ಮೊದಲು ಹುಗ್ಗಿ ಬಡಿಸವ್ವ ಆಕಿಗೆ.”

ನನ್ನ ಹೆಂಡತಿ ತುಪ್ಪದ ಗಿಂಡಿ ಎತ್ತಿಕೊಂಡು, “ಮದುವಿ ಆದಾಗಿಂದ ಇವರದು ತಪ್ಪು ತಪ್ಪು ಅಂತ ಬಡ್ಕೋಳಾಕತ್ತೀನಿ, ನನಗ ಯಾರೂ ಒಂದು ಕಪ್ ಕೊಡಲಿಲ್ಲ ನೋಡು” ಎಂದಳು. ಮಗನಿಗೆ ನಕ್ಕು ನಕ್ಕು ನೆತ್ತಿಗೇರಿತು. ಸೊಸೆಗೂ ನಗು ತಡೆಯಲಾಗಲಿಲ್ಲ, ಸೌಟು ತುಂಬಾ ಹುಗ್ಗಿ ಹಾಕಿದಳು.

ನಾನು ಮಿರ್ಚಿ ಮುರಿಯುತ್ತಾ, “ಆ ಕಿಟ್ಟ ಹಂಪಿ ರಾಜರ ಕಾಲದ್ದ ಇರಬೇಕು, ಬ್ಯಾರೆ ಮಾತೇ ಇಲ್ಲ” ಎಂದೆ.

“ಹಂಗ ಹೇಳಾಕ ಬರಂಗಿಲ್ಲ ತಾತ” ಎಂದಳು ಮೊಮ್ಮಗಳು, ಬಾಯಿ ತುಂಬಾ ಹುಗ್ಗಿ ಇಟ್ಟುಕೊಂಡೇ. “ಎಷ್ಟು ವರ್ಷದ್ದಂತ ತಿಳೀಬೇಕಂದ್ರ ಅದರಾಗಿನ ಇದ್ದಲಿ ಪರೀಕ್ಷೆ ಮಾಡಬೇಕು. ಕೇಳ್ರಿ, ಹೇಳ್ತೀನಿ.”

ನಾವೆಲ್ಲ ಉಣ್ಣುತ್ತಾ ಕೇಳಿದೆವು.